ಮಂಗಳವಾರದ ಮುನಿಯಪ್ಪ

ಹೋದ ತಿಂಗಳು ನನ್ನ ದಾಯಾದಿ ರಂಗಪ್ಪನ ತಲೆ ಒಡೆಯಲು ನಾನು ಸನಿಕೆ ಎತ್ತಿದ್ದೆ. ಆಗ ನನ್ನ ಎದೆಯ ಮೇಲೆ ಒಂದು ಬ್ಯಾಡ್ಜ್ ಇತ್ತು. ಅದರಲ್ಲಿ 'ಗ್ರಾಮ ಶಾಂತಿ ಶಿಬಿರಾರ್ಥಿ' ಎಂದು ಬರೆದಿತ್ತು.

ನಗಬೇಡಿ. ವಾರ ವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವನಿಗೂ ಕೋಪ ಬರುತ್ತದೆ.

ಹಳ್ಳಿಯ ಜಗಳ ಹೊಡೆದಾಟಕ್ಕೆ ತಿರುಗದಂತೆ ತಡೆಯುವುದು ಹೇಗೆಂದು ಕಲಿಸಲು ಸರ್ಕಾರ ಗ್ರಾಂಟು ಕೊಟ್ಟಿದೆ. ನಮ್ಮ ತೂಬಗೆರೆ ಶಾಲೆಯಲ್ಲಿ ಮೂರು ದಿನದ ಶಿಬಿರ. ಓದು ಬರಹ ಬಲ್ಲವರೇ ಬೇಕೆಂದು ಬ್ಲಾಕ್ ಆಫೀಸಿನವರು ಆರಿಸಿದವರಲ್ಲಿ ನಾನೂ ಒಬ್ಬ. (ಓದಿದವರಿಗೆ ಜಗಳ ಜಾಸ್ತಿ ಎಂದು ಅವರಿಗೂ ಗೊತ್ತಿರಬೇಕು.) ಬೆಂಗಳೂರಿನಿಂದ ಬಂದ ಆಫೀಸರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಕುರ್ಚಿ ಬಿಟ್ಟು ನಮ್ಮ ಜೊತೆ ಚಾಪೆಯ ಮೇಲೆ ಕೂತರು. ಕೋಪ ಬಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು, ಎದುರಿನವನ ಮಾತು ಪೂರ್ತಿ ಕೇಳಬೇಕು ಎಂದರು. ನಾನು ಬರೆದುಕೊಂಡು ಅಡಿಗೆರೆಯನ್ನೂ ಎಳೆದೆ.

ಎರಡನೆಯ ದಿನ ಊಟಕ್ಕೆ ಬಿಟ್ಟಾಗ ಗದ್ದೆ ಕಡೆ ಹೋದೆ. ಅಂದು ನನ್ನ ನೀರಿನ ಪಾಳಿ. ನೋಡಿದರೆ ಕಾಲುವೆಯ ನೀರೆಲ್ಲ ರಂಗಪ್ಪನ ಗದ್ದೆಗೆ ಹೋಗುತ್ತಿದೆ. ಪಾಳಿ ತನ್ನದು ಎಂದು ಅವನು, ನನ್ನದು ಎಂದು ನಾನು. ಮಾತು ಸತ್ತುಹೋದ ಅಪ್ಪಂದಿರವರೆಗೂ ಹೋಯಿತು. ಎಣಿಸಿದೆ, ಸುಳ್ಳು ಹೇಳುವುದಿಲ್ಲ. ಮೂರು ಎನ್ನುವಷ್ಟರಲ್ಲಿ ಸನಿಕೆ ಮೇಲೆದ್ದಿತ್ತು. ಅವನದೂ.

"ಇಬ್ರೂ ಸನಿಕೆ ಇಲ್ಲಿ ಕೊಡ್ರಪ್ಪ. ಮೊದ್ಲು ಎಲೆ ಹಾಕ್ಕೊಳಿ."

ಹಾಗೆಂದವನು ಮುನಿಯಪ್ಪ, ನಮ್ಮೂರಿನ ಹಳೆಯ ನೀರುಗಂಟಿ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದವನು. ಅವನು ಜಗಳ ಬಿಡಿಸುವ ಕ್ರಮ ಊರಿಗೆಲ್ಲ ಗೊತ್ತು. ಮೊದಲು ಸನಿಕೆಗಳನ್ನು ಇಸಿದುಕೊಳ್ಳುತ್ತಾನೆ. ಆಮೇಲೆ ಸಂಚಿ ಬಿಚ್ಚಿ ಇಬ್ಬರಿಗೂ ಎಲೆ ಅಡಿಕೆ ಕೊಡುತ್ತಾನೆ. ಬಾಯಿ ತುಂಬ ಎಲೆ ಇದ್ದರೆ ಬೈಯುವುದು ಹೇಗೆ? ಕಾಲುವೆಗೆ ಉಗಿಯುವಂತಿಲ್ಲ, ಕೆರೆ ಏರಿ ದಾಟಿ ಉಗಿದು ಬರಬೇಕು. ಅಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತದೆ.

ಉಗಿದು ಬಂದೆವು. ಪಾಳಿ ಮಧ್ಯಾಹ್ನದವರೆಗೆ ರಂಗಪ್ಪನದು, ಆಮೇಲೆ ನನ್ನದು ಎಂದ ಮುನಿಯಪ್ಪ. ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ರಂಗಪ್ಪ ತಾನೇ ಮಣ್ಣು ಎಳೆದು ನೀರು ನನ್ನ ಕಡೆ ತಿರುಗಿಸಿದ. ಅವನ ತಾಯಿಯ ಕೈತುತ್ತು ತಿಂದು ಬೆಳೆದವನು ನಾನು. ಏನು ಮಾಡಿಬಿಡುತ್ತಿದ್ದೆ!

ನಮ್ಮ ಪುಣ್ಯ, ಅಂದು ಮಂಗಳವಾರ. ಯಾಕೆಂದರೆ ಮುನಿಯಪ್ಪ ಈಗ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕಿದ್ದಾನೆ. ಮಂಗಳವಾರ ರಜೆ, ಅಂದು ಮಾತ್ರ ಊರಿಗೆ ಬರುತ್ತಾನೆ. ನೀರುಗಂಟಿಕೆಯನ್ನು ಸರ್ಕಾರ ರದ್ದು ಮಾಡಿತು. ಸುಗ್ಗಿಯಲ್ಲಿ ಮನೆಮನೆಯವರು ಕೊಡುತ್ತಿದ್ದ ಭತ್ತವೂ ಮೆಲ್ಲಗೆ ನಿಂತಿತು. (ನಿಲ್ಲಿಸಿದವರಲ್ಲಿ ನಾನೂ ಇದ್ದೇನೆ.) ಹೊಟ್ಟೆಪಾಡಿಗೆ ಅವನು ಊರು ಬಿಟ್ಟ.

ಶಾಲೆಗೆ ಮರಳಿ, ಬ್ಯಾಡ್ಜ್ ಬಿಚ್ಚಿ ಆಫೀಸರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಸಂಜೆ ನನ್ನ ಜೊತೆ ಮುನಿಯಪ್ಪನ ಮನೆಗೆ ಬಂದು ಜಗಲಿಯ ಮೇಲೆ ಕೂತು, ನಾಳೆ ಶಿಬಿರದಲ್ಲಿ ನೀವೇ ಪಾಠ ಹೇಳಬೇಕು ಎಂದು ಕೈಮುಗಿದರು.

"ನಾಳೆ ಬುಧವಾರ ಸ್ವಾಮಿ. ಮಗ್ಗ ನಿಲ್ಸೋಕಾಗಲ್ಲ," ಎಂದ ಮುನಿಯಪ್ಪ.

ಆ ಗ್ರಾಂಟಿನಲ್ಲಿ ಇವನನ್ನು ಊರಿನಲ್ಲೇ ಉಳಿಸಿಕೊಳ್ಳಲು ಆಗುವುದಿಲ್ಲವೇ ಎಂದು ಕೇಳಿದೆ. ಅದು ತರಬೇತಿಗೆ ಮಾತ್ರ, ಸಂಬಳಕ್ಕಲ್ಲ ಎಂದು ಹೇಳುವಾಗ ಆಫೀಸರ ಮುಖ ಸಪ್ಪಗಾಯಿತು. ಮೇಲಿನವರಿಗೆ ಬರೆಯುತ್ತೇನೆ ಎಂದರು. ಬರೆಯುತ್ತಾರೆ, ನನಗೆ ನಂಬಿಕೆ ಇದೆ.

ಈ ಸುಗ್ಗಿಗೆ ನನ್ನ ಪಾಲಿನ ಭತ್ತ ಮುನಿಯಪ್ಪನ ಮನೆಗೆ ಹೋಗುತ್ತದೆ. ರಂಗಪ್ಪನೂ ಕೊಡುತ್ತೇನೆ ಎಂದಿದ್ದಾನೆ. ಇಬ್ಬರ ಭತ್ತ ನಂಬಿಕೊಂಡು ಅವನು ಮಗ್ಗ ಬಿಟ್ಟು ಬರುತ್ತಾನೆಯೇ? ಇಲ್ಲ.

ಮೇಲಿನಿಂದ ಉತ್ತರ ಬರುವವರೆಗೆ ನಮ್ಮೂರಿನವರು ಮಂಗಳವಾರ ಮಾತ್ರ ಜಗಳ ಆಡಬೇಕೇ?