ಎರಡು ಮಕ್ಕಳು, ಒಂದು ಹೆಣ್ಣು

ಬನಹಟ್ಟಿಯ ನಮ್ಮ ಓಣಿಯಲ್ಲಿ ನನ್ನ ಮನೆಗೂ ಪಕ್ಕದ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ. ಆ ಕೋಣೆಯಲ್ಲಿ ಆರು ಮಗ್ಗಗಳಿವೆ. ಗೋಡೆಗೆ ಹತ್ತಿರದ ಎರಡು ಆ ಮನೆಯ ಒಬ್ಬಳೇ ಮಗಳವು. ಉಳಿದ ನಾಲ್ಕು ಅವಳ ತಮ್ಮಂದಿರಿಬ್ಬರವು. ಅವಳ ಮಗ್ಗಗಳ ಸದ್ದು ನನಗೆ ಬೇರೆಯಾಗಿಯೇ ಗೊತ್ತಾಗುತ್ತದೆ. ನೂಲು ಹರಿದಾಗ ಸದ್ದು ನಿಲ್ಲುತ್ತದೆ, ಗಂಟು ಹಾಕಿದ ಮೇಲೆ ಮತ್ತೆ ಶುರುವಾಗುತ್ತದೆ. ನಾನು ಸಾಲಿ ಮಾಸ್ತರನಾಗಿ ನಿವೃತ್ತನಾದವನು, ಹಗಲೆಲ್ಲ ಮನೆಯಲ್ಲೇ ಇರುತ್ತೇನೆ. ಹೀಗಾಗಿ ಆ ಸದ್ದು ನನ್ನ ದಿನದೊಳಗೆ ಸೇರಿಹೋಗಿದೆ.

ಅವಳನ್ನು ಸಾವಳಗಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಅವಳ ತಂದೆ ಈ ಎರಡು ಮಗ್ಗ ಹಾಕಿಸಿ, "ಇವೆರಡು ನಿನ್ನೂವು ಅವ್ವಾ" ಅಂದಿದ್ದರು. ನಾನೂ ಅಲ್ಲೇ ಇದ್ದೆ. ಬಾಯಿಮಾತು. ನಮ್ಮ ಓಣಿಯಲ್ಲಿ ಆಗ ಅಷ್ಟೇ ಸಾಕಾಗಿತ್ತು.

ತಂದೆ ತೀರಿಕೊಂಡರು. ತಾಯಿ ಮೊದಲೇ ಹೋಗಿದ್ದರು. ಮೀಟರು ತಂದೆಯ ಹೆಸರಿನಲ್ಲೇ ಓಡುತ್ತಿತ್ತು, ಯಾರೂ ಕೇಳಲಿಲ್ಲ. ಸರ್ಕಾರ ಸಣ್ಣ ಮಗ್ಗದವರಿಗೆ ಕರೆಂಟ್ ಮಾಫಿ ಮಾಡಿದ ಮೇಲೆ ಕೇಳುವವರು ಬಂದರು. ಮೀಟರು ಬದುಕಿದವರ ಹೆಸರಿಗೆ ಆಗಬೇಕು, ಅದಕ್ಕೆ ವಾರಸಾ, ಅಂದರೆ ವಾರಸುದಾರರ ಹೆಸರಿನ ದಾಖಲೆ, ಆಗಬೇಕು, ವಾರಸಾಕ್ಕೆ ವಂಶಾವಳಿ ಬೇಕು, ವಂಶಾವಳಿಗೆ ಓಣಿಯ ಪಂಚರು ಸಾಕ್ಷಿ ಹೇಳಬೇಕು ಎಂದು ಕರೆಂಟ್ ಆಫೀಸಿನವರು ಹೇಳಿ ಕಳಿಸಿದರಂತೆ. ದೊಡ್ಡ ತಮ್ಮ ನನ್ನನ್ನು ಕರೆಯಲು ಬಂದ.

"ಮಾಸ್ತರ, ಬರ್ರಿ. ತಲಾಠಿ ಸಾಹೇಬ್ರು ಬಂದು ಕುಂತಾರ. ಸತ್ತವ್ರಿಗೆ ಕರೆಂಟ್ ಮಾಫಿ ಇಲ್ಲಂತ್ರಿ. ನಮ್ಮಪ್ಪಂದು ಅದೊಂದು ಚಿಂತಿ ಉಳದಿತ್ತು ನೋಡ್ರಿ!"

ನಾನು ನಗುತ್ತಲೇ ಚಪ್ಪಲಿ ಮೆಟ್ಟಿದೆ.

ತಲಾಠಿ, ಅಂದರೆ ಗ್ರಾಮಲೆಕ್ಕಿಗ, ಚಿಕ್ಕ ವಯಸ್ಸಿನವನು, ಹಾಸನದ ಕಡೆಯವನು. ನಮ್ಮ ಮಾತು ಅವನಿಗೆ ಇನ್ನೂ ಪೂರ್ತಿ ಹಿಡಿದಿರಲಿಲ್ಲ. ಮಗ್ಗದ ಕೋಣೆಯಲ್ಲೇ ಕುರ್ಚಿ ಹಾಕಿದ್ದರು. ತಮ್ಮಂದಿರ ಮಗ್ಗಗಳು ಓಡುತ್ತಿದ್ದವು, ಅವಳವು ನಿಂತಿದ್ದವು. ಅವಳು ಚಹಾ ಮಾಡಲು ಒಳಗೆ ಹೋಗಿದ್ದಳು.

"ತೀರಿಕೊಂಡೋರಿಗೆ ಮಕ್ಕಳೆಷ್ಟು ಸಾರ್?" ತಲಾಠಿ ದನಿ ಎತ್ತಿ ಕೇಳಿದ.

"ಎರಡ್ರಿ," ಅಂದೆ ನಾನು.

ಅಷ್ಟೇ. ನಮ್ಮ ಕಡೆ ಮಕ್ಕಳು ಎಂದರೆ ಗಂಡು. ಎರಡು ಮಕ್ಕಳು, ಒಂದು ಹೆಣ್ಣು ಎಂದು ಬೇರೆ ಬೇರೆಯಾಗಿ ಹೇಳುತ್ತೇವೆ. ಹೆಣ್ಣೆಷ್ಟು ಎಂದು ಮುಂದೆ ಕೇಳುತ್ತಾನೆ, ಆಗ ಹೇಳೋಣ ಎಂದು ನಾನು ಕಾದೆ. ಅವನು ಕೇಳಲಿಲ್ಲ. ಅವನ ಕಡೆ ಮಕ್ಕಳು ಎಂದರೆ ಎಲ್ಲರೂ. ಅವನ ಪ್ರಶ್ನೆ ಮುಗಿದಿತ್ತು.

ಕಾದೆ ಎಂದು ಈಗ ಬರೆಯುತ್ತಿದ್ದೇನೆ. ಎಷ್ಟು ಹೊತ್ತು ಕಾದೆ, ಯಾವಾಗ ಕಾಯುವುದನ್ನು ಬಿಟ್ಟೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಷ್ಟರಲ್ಲಿ ಅವಳು ಚಹಾ ತಂದಳು. ತಲಾಠಿ ಅವಳನ್ನು ಸೊಸೆ ಎಂದುಕೊಂಡಿರಬೇಕು. "ಸಕ್ಕರೆ ಜಾಸ್ತಿ ಆಯ್ತಮ್ಮ," ಅಂದ. ಅವಳು ನನ್ನ ಮುಂದೆ ಬಂದು ಕಪ್ಪು ಹಿಡಿದಳು. ತೆಗೆದುಕೊಂಡೆ. ಆಮೇಲೆ ಅವನು ಬರೆದದ್ದನ್ನು ಓದಲು ಕೊಟ್ಟ. ಓದಿದೆ. ತಂದೆಯ ಹೆಸರಿನ ಕೆಳಗೆ ಇಬ್ಬರು ತಮ್ಮಂದಿರ ಹೆಸರುಗಳಿದ್ದವು. ತಲೆ ಎತ್ತಿದಾಗ ದೊಡ್ಡ ತಮ್ಮ ನನ್ನನ್ನೇ ನೋಡುತ್ತಿದ್ದ. ಅಕ್ಕನ ಹೆಸರು ಬಿಟ್ಟುಹೋಗಿದೆ ಎಂದು ಅವನಿಗೂ ಗೊತ್ತಿತ್ತು. ಈಗ ಹೇಳಿದರೆ ಅವನ ಮನೆಯಲ್ಲಿ ಕುಳಿತು ಅವನಿಗೇ ಅಡ್ಡ ಮಾತಾಡಿದಂತಾಗುತ್ತದೆ ಎನ್ನಿಸಿತು. ಸಹಿ ಹಾಕಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮವು ಎಷ್ಟು ಮಕ್ಕಳು? ಹೇಳ್ರಿ ನೋಡೂಣು."

"ಒಂದ," ಅಂದೆ. ನಮಗೆ ಒಬ್ಬ ಮಗ. ಹೆಣ್ಣುಮಕ್ಕಳಿಬ್ಬರನ್ನು ಮುಧೋಳಕ್ಕೊಬ್ಬಳು, ಬೀಳಗಿಗೊಬ್ಬಳು ಎಂದು ಕೊಟ್ಟಿದ್ದೇವೆ.

"ಹಂಗಾರ ನಾ ಎರಡು ಸಲ ಸುಳ್ಳ ಹೆರಿಗಿ ಬ್ಯಾನಿ ತಿಂದ್ನ್ಯಾ?" ಅಂದಳು. ಆಮೇಲೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಮುಂಜಾನೆ ಗೋಡೆ ಕಟ್ಟುವ ಗೌಂಡಿ ಬಂದ. ತಮ್ಮಂದಿರು ಕೋಣೆಯನ್ನು ಎರಡು ಮಾಡಿಕೊಂಡು ಬೇರೆ ಬೇರೆ ಮೀಟರು ಹಾಕಿಸಿಕೊಳ್ಳುವವರಿದ್ದರು. ನಡುವೆ ಗೋಡೆ ಎಬ್ಬಿಸಿ, ಇಬ್ಬರಿಗೂ ಮೂರು ಮೂರು ಮಗ್ಗದ ಜಾಗ ಎಂದು ಮಾತಾಗಿತ್ತಂತೆ. ಆ ಲೆಕ್ಕದಲ್ಲಿ ಅವಳ ಎರಡು ಮಗ್ಗಗಳಿಗೆ ಜಾಗವಿರಲಿಲ್ಲ. ಗೌಂಡಿ ಸುಣ್ಣದಿಂದ ಗೆರೆ ಹಾಕಿ ಹೋದ.

ಸಂಜೆ ಅವಳು ನಮ್ಮ ಮನೆಗೆ ಬಂದಳು. ಸೆರಗಿನಲ್ಲಿ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಕುಳಿತುಕೊಳ್ಳಲಿಲ್ಲ.

"ಮಗ್ಗ ಮಾರಿಬಿಡೂಣು ಅಕ್ಕಾ ಅನ್ನಾಕತ್ತಾರ್ರೀ. ಕೂಳಿಗೇನು ಕಮ್ಮಿ ಐತಿ, ಮನ್ಯಾಗಿರು ಅಂತಾರ. ವಂಶಾವಳಿ ತೋರಿಸಿದ್ರು. ಅದರಾಗ ನಾ ಇಲ್ರಿ."

ಸೆರಗಿನಿಂದ ನೂಲಿನ ಎಳೆಯೊಂದನ್ನು ಕಿತ್ತು ಮತ್ತೆ ಅಂದಳು.

"ಸಾಲ್ಯಾಗ ನೀವು ದಿನಾ ನನ್ನ ಹೆಸರ ಕರೀತಿದ್ರಿ. ನಾ ಎದ್ದ ನಿಂತು ಹಾಜರ್ರೀ ಅಂತಿದ್ನಿ. ಅವತ್ತು ಚಹಾ ಹಿಡಕೊಂಡು ನಿಮ್ಮ ಮುಂದ ನಿಂತಿದ್ನೆಲ್ರಿ ಮಾಸ್ತರ?"

"ಅಂವ ಮಕ್ಕಳೆಷ್ಟು ಅಂತ ಕೇಳ್ದ. ನಾವು ಅನ್ನೋದ ಹಂಗಲ್ಲವಾ?" ಅಂದೆ. ಅಂದ ಕೂಡಲೇ ನನ್ನ ಮಾತು ನನಗೇ ಸಹಿಸಲಾಗಲಿಲ್ಲ.

"ಹೌದ್ರಿ. ನಾನೂ ಹಂಗ ಅಂತೀನಿ. ಎರಡು ಅಂದದ್ದು ಒಳಗ ನನಗೂ ಕೇಳಿಸಿತ್ತು. ತಪ್ಪ ಅನಿಸಲಿಲ್ಲ. ಸುಣ್ಣದ ಗೆರಿ ನೋಡಿದ ಮ್ಯಾಲ ತಿಳೀತು."

ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ವಾರಸಾ ಇನ್ನೂ ಪಕ್ಕಾ ಆಗಿರಲಿಲ್ಲ. ತಕರಾರು ಇದ್ದರೆ ಹೇಳಲು ಅವಕಾಶವಿತ್ತು. ಮರುದಿನ ಇಬ್ಬರೂ ಕಚೇರಿಗೆ ಹೋದೆವು. ಅವಳು ಬಾಗಿಲ ಹತ್ತಿರ ನಿಂತಳು. ನಾನು ತಲಾಠಿಯ ಮುಂದೆ ಕುಳಿತು, ನನ್ನ ಸಾಕ್ಷಿ ತಿದ್ದಬೇಕಾಗಿದೆ ಎಂದೆ. ಅವನು ಹಳೆಯ ಕಾಗದ ತೆಗೆದು ಮೊದಲಿಂದ ಕೇಳಿದ.

"ಮಕ್ಕಳೆಷ್ಟು ಸಾರ್?"

"ಎರಡ—"

ಅದನ್ನೇ ಹೇಳಲು ಹೋದವನು ನಾನು. ದಾರಿಯುದ್ದಕ್ಕೂ ಮೂರು ಮೂರು ಎಂದು ಮನಸ್ಸಿನಲ್ಲಿ ಅಂದುಕೊಂಡೇ ಬಂದಿದ್ದೆ. ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು. ಬಾಗಿಲ ಕಡೆ ನೋಡುವ ಧೈರ್ಯವಾಗಲಿಲ್ಲ.

"ಮೂರು," ಅಂದೆ. "ಮೂರು ಮಂದಿ. ಹಿರೇದು ಹೆಣ್ಣು. ಇಲ್ಲೇ ನಿಂತಾಳ."

ತಲಾಠಿ ಪೆನ್ನು ಕೆಳಗಿಟ್ಟ. "ಮದುವೆಯಾಗಿ ಹೋದ ಮಗಳೂ ವಾರಸುದಾರಳೇ ಅಂತ ಕಾನೂನು ಆಗಿ ಎಷ್ಟು ವರ್ಷ ಆಯ್ತು ಸಾರ್! ಮೇಷ್ಟ್ರಾಗಿದ್ದೋರು ನೀವು. ಆವತ್ತು ಯಾಕೆ ಎರಡು ಅಂದ್ರಿ?"

ಹೇಳಿದೆ. ಅವನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. "ಓದಿ ಸಹಿ ಹಾಕಿದ್ರಲ್ಲ?" ಅಂದ. ಮಾತಿನ ತಪ್ಪಿಗೆ ನನ್ನ ಹತ್ತಿರ ಕಾರಣವಿತ್ತು. ಸಹಿಗೆ ಇರಲಿಲ್ಲ. "ಹೌದ್ರಿ, ಓದಿದ್ನಿ," ಅಂದೆ. ಅದನ್ನೂ ಬರೆದುಕೊಳ್ಳಿ ಎಂದೆ. ಅವನು ಬರೆದುಕೊಂಡ.

ಹೊಸ ವಂಶಾವಳಿಯಲ್ಲಿ ಮೂರು ಹೆಸರಿವೆ, ಅವಳದು ಮೊದಲು. ಗೋಡೆ ಏಳಲಿಲ್ಲ. ಅವಳ ಮಗ್ಗಗಳು ಇದ್ದ ಜಾಗದಲ್ಲೇ ಇವೆ. ಆದರೆ ಮೂವರೂ ಕೂಡಿ ಸಹಿ ಮಾಡದೆ ಮೀಟರು ಯಾರ ಹೆಸರಿಗೂ ಆಗುವುದಿಲ್ಲವಂತೆ, ತಮ್ಮಂದಿರು ಸಹಿಗೆ ಬರುತ್ತಿಲ್ಲ. ಮಾಫಿ ಸಿಗದೆ ಪೂರಾ ಬಿಲ್ಲು ಬರುತ್ತಿದೆ. ಅಕ್ಕನ ಜೊತೆ ಮಾತು ಬಿಟ್ಟಿದ್ದಾರೆ. ಅವಳು ಈಗ ಬೇರೆ ಒಲೆ ಹೂಡಿಕೊಂಡಿದ್ದಾಳೆ.

ದೊಡ್ಡ ತಮ್ಮ ಓಣಿಯಲ್ಲಿ ನನ್ನನ್ನು ಕಂಡರೆ ಪಕ್ಕದವರಿಗೆ ಕೇಳುವಂತೆ ಅನ್ನುತ್ತಾನೆ: "ಮಾಸ್ತರ್ಗೆ ವಯಸ್ಸಾತ್ರಿ. ಎರಡಕ್ಕೂ ಮೂರಕ್ಕೂ ಫರಕ್ ತಿಳೀವಲ್ದು."

ನಾನು ಮುಂದೆ ನಡೆಯುತ್ತೇನೆ. ಚಹಾ ಕುಡಿಯುವಾಗಲೇ ಮೂರು ಅಂದಿದ್ದರೆ ಅದು ಬರೀ ಒಂದು ಉತ್ತರವಾಗುತ್ತಿತ್ತು. ತಲಾಠಿ ಬರೆದುಕೊಳ್ಳುತ್ತಿದ್ದ, ತಮ್ಮಂದಿರು ಒಳಗೊಳಗೇ ಗೊಣಗಿ ಸುಮ್ಮನಾಗುತ್ತಿದ್ದರು, ಆ ಮನೆಯಲ್ಲಿ ಇಂದಿಗೂ ಒಂದೇ ಒಲೆ ಉರಿಯುತ್ತಿತ್ತು. ತಡವಾಗಿ ಹೇಳಿದ್ದರಿಂದ ಅದು ತಕರಾರಾಯಿತು. ಅವಳ ಮಗ್ಗ ಉಳಿಯಿತು, ಮನೆ ಒಡೆಯಿತು.

ಮೊನ್ನೆ ಅವಳು ಹೊಸ ಒಲೆಯ ಮೇಲಿನ ಚಹಾ ತಂದುಕೊಟ್ಟಳು. "ಸಕ್ರಿ ಸರಿ ಐತೇನ್ರಿ?" ಎಂದು ಕೇಳಿದಳು. ಸರಿ ಇದೆ ಎಂದೆ. ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಅವಳು ಹೋದ ಮೇಲೆ ಗೋಡೆಯ ಆಚೆ ಅವಳ ಎರಡು ಮಗ್ಗಗಳು ಶುರುವಾದವು. ಕಪ್ಪು ಬರಿದಾಗುವವರೆಗೆ ಕೇಳುತ್ತ ಕುಳಿತೆ.