ಎಂಟು ಬಿದ್ದರೆ ಹಗ್ಗ ಹರಿಯಿತು

ತುಳಸಾಬಾಯಿ ಅಕ್ಕೋರು ಬಬಲೇಶ್ವರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದರು. ಅಂಥವರಿಗೆ ಲೆಕ್ಕ ಬರುವುದಿಲ್ಲ ಎಂದು ಈಗ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದಾರೆ. ಹಂಚಿದವರು ಎದುರಿಗೆ ಸಿಕ್ಕರೆ ಸರಿಯಾಗಿ ಮಂಗಳಾರತಿ ಮಾಡಬೇಕು ಎನ್ನುವಷ್ಟು ಸಿಟ್ಟಿದೆ ನನಗೆ. ನಾನು ಶಿವಾನಂದ, ಅದೇ ಶಾಲೆಯ ಕನ್ನಡ ಮಾಸ್ತರ. ಈ ಅನ್ಯಾಯದಲ್ಲಿ ನನ್ನ ಪಾಲೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

‘ನೀರಗಾವಲು’ ಸಿನಿಮಾದ ಮೊದಲ ಭಾಗ ಬಂದು ಒಂಬತ್ತು ವರ್ಷವಾಯಿತು. ಹಿಂದಿನ ಕಾಲದಲ್ಲಿ ತೊರವಿಯಿಂದ ವಿಜಯಪುರಕ್ಕೆ ನೆಲದಡಿಯಲ್ಲಿ ನೀರು ತರುತ್ತಿದ್ದ ಸುರಂಗವನ್ನು ಕಾಯುವವರ ಕಥೆ. ಶಾಲೆಯ ಮಕ್ಕಳನ್ನು ವಿಜಯಪುರಕ್ಕೆ ಕರೆದೊಯ್ದು ತೋರಿಸಿದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ, "ಅಕ್ಕೋರ, ಆ ಕಾವಲಗಾರ ಎಡಕ್ಕ ಹೊಳ್ಳಿದ್ದರ ಏನಾಗತಿತ್ರಿ?" ಎಂದು ಕೇಳಿದಳು.

"ನೀನ ಕಾವಲಗಾರ ಅಂತ ತಿಳಕೋ. ಎಡಕ್ಕ ಹೊಳ್ಳು. ಮುಂದ ಏನ ಕಾಣತದ ನಾ ಹೇಳತೀನಿ," ಎಂದರು ಅಕ್ಕೋರು. ಬಬಲೇಶ್ವರ ಮುಟ್ಟುವ ಹೊತ್ತಿಗೆ ಅರ್ಧ ಬಸ್ಸು ಸುರಂಗದೊಳಗಿತ್ತು.

ಆಟ ಹುಟ್ಟಿದ್ದು ಹಾಗೆ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಒಬ್ಬೊಬ್ಬ ಕಾವಲುಗಾರರಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡುತ್ತದೋ ಇಲ್ಲವೋ ಎನ್ನುವುದನ್ನು ಕವಡೆ ಹೇಳುತ್ತದೆ. ಪಂಚಮಿ ಹಬ್ಬಕ್ಕೆ ಹೆಂಗಸರು ಚೌಕಾಬಾರ ಆಡುವ ನಾಲ್ಕು ಕವಡೆಗಳೇ. ಎಷ್ಟು ಅಂಗಾತ ಬಿದ್ದವೋ ಅಷ್ಟು ಅಂಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಚೌಕಾಬಾರದಲ್ಲಿ ಎಂಟು ಬಿದ್ದರೆ ಕುಣಿದಾಡುತ್ತಾರೆ. ಅಕ್ಕೋರು ಅದನ್ನೇ ತಿರುಗಿಸಿದರು. ಎಂಟು ಬಿದ್ದರೆ ಸುರಂಗಕ್ಕೆ ಇಳಿಯುವ ಹಗ್ಗ ಹರಿಯಿತು, ಕಾವಲುಗಾರ ಸತ್ತ. ನಾಲ್ಕು ಕವಡೆ ಬೀಳುವ ರೀತಿ ಹದಿನಾರು, ಅದರಲ್ಲಿ ಎಂಟಾಗುವುದು ಒಂದೇ ಒಂದು. ಸಾವು ಅಪರೂಪ, ಆದರೆ ಕೈಯಳತೆಯಲ್ಲೇ ಇದೆ. ಬಿಜ್ಜರಗಿಯ ಗುರಣ್ಣ ದ್ರಾಕ್ಷಿ ತೋಟಕ್ಕೆ ನೀರು ಬಿಟ್ಟು ಆಡಲು ಬರುತ್ತಿದ್ದ. ಎರಡು ವರ್ಷ ಬದುಕಿದ್ದ ತನ್ನ ಕಾವಲುಗಾರ ಸತ್ತ ದಿನ ಅವನು ಊಟ ಮಾಡದೆ ಎದ್ದು ಹೋದ.

ಸಿನಿಮಾದ ಎರಡನೇ ಭಾಗ ಬಂದಾಗ ಅಕ್ಕೋರು ಆಟಕ್ಕೆ ಹೊಸ ಸುರಂಗಗಳನ್ನು ಸೇರಿಸಿದರು. ಅಥಣಿ ರಸ್ತೆಯ ಅವರ ಮನೆಯಲ್ಲಿ ಭಾನುವಾರ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೂರನೇ ಭಾಗದ ಹೊತ್ತಿಗೆ ಚಿತ್ರ ತೆಗೆದ ಕಂಪನಿಯ ಕಿವಿಗೇ ಸುದ್ದಿ ಬಿತ್ತು. ಮಿಲಿಂದ ಎಂಬ ಅವರ ಮನುಷ್ಯ ಬಂದ. ನಮ್ಮ ಕಡೆಯವನೇ. ಅಕ್ಕೋರ ಕಾಲಿಗೆ ನಮಸ್ಕಾರ ಮಾಡಿ, ಆಟವನ್ನು ಪೆಟ್ಟಿಗೆಯಲ್ಲಿ ತರುತ್ತೇವೆ ಎಂದು ಹೇಳಿ ನಿಯಮದ ಪುಸ್ತಕ ಒಯ್ದ.

ಆ ಪುಸ್ತಕವನ್ನು ದುಂಡಗೆ ಬರೆದುಕೊಟ್ಟವನು ನಾನು. ಮೊದಲ ಹಾಳೆಯ ಮೇಲೆ ‘ಶ್ರೀ ಅಂಬಾಭವಾನಿ ಪ್ರಸನ್ನ’ ಎಂದಿತ್ತು. ಅಕ್ಕೋರ ಹೆಸರು ಎಲ್ಲಿಯೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಲೆಕ್ಕದ ವಹಿ ಬರೆದರೂ ಹಾಡು ಬರೆದರೂ ದೇವರ ಹೆಸರು ಹಾಕಿ ಕೈ ಮುಗಿಯುತ್ತೇವೆ. ತನ್ನ ಹೆಸರನ್ನು ತಾನೇ ಬರೆದುಕೊಳ್ಳುವುದು ಸೊಕ್ಕು ಎಂದು ಹಿರಿಯರು ಕಲಿಸಿದ್ದಾರೆ. ಅಕ್ಕೋರು ಬೇಡವೆಂದರು, ನಾನೂ ತಲೆಯಾಡಿಸಿದೆ. ಕನ್ನಡ ಮಾಸ್ತರನ ಬುದ್ಧಿ ಅವತ್ತು ಹುಲ್ಲು ಮೇಯಲು ಹೋಗಿತ್ತು.

ಪೆಟ್ಟಿಗೆ ಬಂತು. ಮೇಲೆ ‘ಉತ್ತರ ಕರ್ನಾಟಕದ ಜನಪದ ಆಟವನ್ನು ಆಧರಿಸಿದ್ದು’ ಎಂದಿತ್ತು. ಅಕ್ಕೋರು ಅದನ್ನು ನಾಲ್ಕೂ ಕಡೆ ತಿರುವಿ ನೋಡಿ, "ಒಂದ ಮೂಲ್ಯಾಗ ಸಣ್ಣಗರೆ ಹಾಕಬೇಕಿತ್ತಲ್ಲೋ ಶಿವಾನಂದ," ಎಂದರು. ಹೆಸರು ಬೇಕೆಂಬ ಆಸೆ ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಮಿಲಿಂದನಿಗೆ ಫೋನು ಮಾಡಿದೆ. ಬರೆದವರ ಹೆಸರಿಲ್ಲದ ಪುಸ್ತಕ ಎಂದರೆ ಜನಪದವೇ ಎಂದು ವಕೀಲರು ಹೇಳಿದ್ದಾರೆ ಎಂದ. ಕಣ್ಣೆದುರಿಗೆ ಚಹಾ ಕುಡಿಸಿದ ಹೆಂಗಸು ಅವನಿಗೆ ಜನಪದವಾಗಿ ಹೋಗಿದ್ದರು!

ಅದಕ್ಕಿಂತ ದೊಡ್ಡ ಅನಾಹುತ ಪೆಟ್ಟಿಗೆಯ ಒಳಗಿತ್ತು. ಕವಡೆ ಹಳೆಯ ಕಾಲದ್ದಾಯಿತೆಂದು ತೆಗೆದು ಪ್ಲಾಸ್ಟಿಕ್ ದಾಳ ಇಟ್ಟಿದ್ದರು. ಆರು ಮುಖ. ಒಂದು, ಎರಡು, ಮೂರು, ನಾಲ್ಕು, ಎಂಟು. ಆರನೆಯದರ ಮೇಲೆ ಸಿನಿಮಾದ ಗುರುತು, ಅದು ಬಿದ್ದರೆ ಮತ್ತೆ ಎಸೆಯಬೇಕು. ಹದಿನಾರಕ್ಕೆ ಒಮ್ಮೆ ಬರುತ್ತಿದ್ದ ಸಾವು ಈಗ ಐದಕ್ಕೆ ಒಮ್ಮೆ ಬಂತು. ಸುರಂಗಕ್ಕೆ ಇಳಿದವರು ಇಳಿದಲ್ಲೇ ಸತ್ತರು. ಕೊಂಡವರು ಉಗಿದರು, ಅಂಗಡಿಯವರು ಪೆಟ್ಟಿಗೆ ಹಿಂದೆ ಕಳಿಸಿದರು.

ಆಗ ಕಂಪನಿಗೆ ಅಕ್ಕೋರ ಹೆಸರು ನೆನಪಾಯಿತು. ಉಳಿದ ಪೆಟ್ಟಿಗೆಗಳಲ್ಲೆಲ್ಲ ಒಂದು ಚೀಟಿ ಸೇರಿಸಿದರು: ‘ಅಂಕಗಳ ಲೆಕ್ಕದಲ್ಲಿ ಆಗಿರುವ ತಪ್ಪು ಆಟದ ಮೂಲ ರಚನೆಕಾರರಾದ ಬಬಲೇಶ್ವರದ ನಿವೃತ್ತ ಶಿಕ್ಷಕಿ ಶ್ರೀಮತಿ ತುಳಸಾಬಾಯಿ ಅವರದು. ವಿಷಾದಿಸುತ್ತೇವೆ.’ ಹೊಗಳುವಾಗ ಯಾರೂ ಅಲ್ಲದವರು ಬಯ್ಯಿಸಿಕೊಳ್ಳುವಾಗ ಊರು ಕೇರಿ ಸಮೇತ ಸಿಕ್ಕರು. ನಾಚಿಕೆಗೇಡಿಗಳು.

ಈ ಸಲ ಅಕ್ಕೋರೇ ಫೋನು ಹಿಡಿದರು.

"ನೀವ ಹೆಸರು ಬೇಕಂತ ಕೇಳಿದ್ರಿ. ಹಾಕೇವಲ್ರಿ ಮೇಡಂ," ಎಂದ ಮಿಲಿಂದ.

"ಹೆಸರು ನಂದು, ತಪ್ಪು ನಿಮ್ದು. ನಿಮ್ಮ ತಪ್ಪಿಗೆ ನನ್ನ ಹೆಸರು ಯಾಕ ಕಟ್ಟತೀರಿ? ತಗೀರಿ ಅದನ್ನ!"

"ಹಂಚಿ ಆಗೇದ್ರಿ," ಎಂದು ಅವನು ಫೋನು ಇಟ್ಟ.

ಅದರ ಮರುದಿನವೇ ಸಮ್ರೀನ ಬಂದಳು. ಅಕ್ಕೋರ ಕೈಯಲ್ಲಿ ಮೂರು ವರ್ಷ ಕಲಿತು, ಈಗ ಟಿಕೋಟಾದ ಶಾಲೆಯಲ್ಲಿ ತಾನೂ ಗಣಿತ ಕಲಿಸುವವಳು. ಬ್ಯಾಗಿನಿಂದ ಆ ಚೀಟಿ ತೆಗೆದಳು. ಅಳು ಬರುವಂತಿತ್ತು ಮುಖ.

"ಅಕ್ಕೋರ, ಇರ್ಲಿ ಬಿಡ್ರಿ. ವಯಸ್ಸಾದ ಮ್ಯಾಲ ಯಾರಿಗಾದ್ರೂ ತಪ್ಪತೈತಿ. ನೀವು ಮನಸಿಗಿ ಹಚ್ಚಗೋಬ್ಯಾಡ್ರಿ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕೋರು ಕೈ ಅಡ್ಡ ಮಾಡಿದರು. ಚೀಟಿಯನ್ನು ಮಗುಚಿ, ಪೆನ್ನು ಅವಳ ಮುಂದಿಟ್ಟು, "ನಾಲ್ಕ ಕವಡಿ ಎಷ್ಟ ಥರಾ ಬೀಳತಾವ, ಬರಿ," ಎಂದರು. ಪಕ್ಕದಲ್ಲಿ ಆ ಪ್ಲಾಸ್ಟಿಕ್ ದಾಳ ಇಟ್ಟರು.

ಸಮ್ರೀನ ಬರೆದಳು. ಹದಿನಾರೂ ಬರೆದು, ದಾಳದ ಮುಖ ಎಣಿಸಿ, ಪೆನ್ನು ಕೆಳಗಿಟ್ಟಳು. "ತಪ್ಪು ನಿಮ್ದಲ್ರಿ ಅಕ್ಕೋರ," ಎಂದಳು, ಕೇಳಿಸಲಾರದಷ್ಟು ಸಣ್ಣ ದನಿಯಲ್ಲಿ.

ಕಂಪನಿಯವನಿಗೆ ಕೂಗಿ ಮಾತನಾಡಿದ ಅಕ್ಕೋರು ಅವಳಿಗೆ ಕೂಗಲಿಲ್ಲ.

"ಎರಡ ಮಿನಿಟಿನ ಕೆಲಸ ಇತ್ತು ಸಮ್ರೀನ," ಎಂದರು. "ಅದನ್ನೂ ನೀ ಮಾಡಲಿಲ್ಲ, ನನಗ ಸಮಾಧಾನ ಹೇಳಾಕ ಬಂದಿ."