ಬಾಗಿದ ನಾಲ್ಕು ಕಾರ್ಡು

ಚಿಕ್ಕಮಗಳೂರಿನ ಒಂದು ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ ಭಾನುವಾರ ಹದಿನೈದಿಪ್ಪತ್ತು ಜನ ಸೇರಿ ಕಾರ್ಡ್ ಆಡುತ್ತಾರೆ. ಇಸ್ಪೀಟಲ್ಲ. ಒಂದೊಂದು ಕಾರ್ಡಿನ ಮೇಲೂ ಒಂದು ಪ್ರಾಣಿಯ ಅಥವಾ ಮಂತ್ರದ ಚಿತ್ರ, ಅದು ಏನು ಮಾಡಬಲ್ಲದು ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ. ಕೊಂಡೋ ಬದಲಾಯಿಸಿಕೊಂಡೋ ಕೂಡಿಸಿದ ಕಾರ್ಡುಗಳಿಂದ ಪ್ರತಿಯೊಬ್ಬರೂ ತಮ್ಮದೇ ಕಟ್ಟು ಮಾಡಿಕೊಂಡು ಬರುತ್ತಾರೆ. ಕಾರ್ಡುಗಳು ಸಾವಿರಾರು ಇರುವುದರಿಂದ, ಯಾವ ಎರಡು ಎದುರಾದಾಗ ಏನಾಗಬೇಕು ಎಂಬ ಜಗಳ ಮುಗಿಯುವುದೇ ಇಲ್ಲ. ಅದನ್ನು ತೀರ್ಮಾನಿಸುವವಳು ನಾನು.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಈ ಆಟ ಕಲಿತೆ. ಆಡುವುದಕ್ಕಿಂತ ನಿಯಮಗಳನ್ನು ಓದುವುದು ಹಿತವಾಗಿತ್ತು. ಪರೀಕ್ಷೆ ಬರೆದು ಜಡ್ಜ್ ಆದೆ. ವಾರದ ಆರು ದಿನ ಕಾಫಿ ಕ್ಯೂರಿಂಗಿನ ಲ್ಯಾಬಿನಲ್ಲಿ ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜದ, ತೇವ ಅಳೆಯುತ್ತೇನೆ, ಏಳನೆಯ ದಿನ ಇದು. ಎರಡು ಕಡೆಯೂ ಹೆಚ್ಚು ಮಾತಾಡಬೇಕಾಗಿಲ್ಲ.

ಆಲ್ದೂರಿನಲ್ಲಿ ಅಣ್ಣನ ಜೊತೆ ಗ್ಯಾರೇಜ್ ನಡೆಸುವ ಮೆಕ್ಯಾನಿಕ್ ಒಬ್ಬ ಬರುತ್ತಿದ್ದ. ನನ್ನ ವಯಸ್ಸೇ ಇರಬೇಕು. ಅಲ್ಲಿದ್ದವರಲ್ಲಿ ಚೆನ್ನಾಗಿ ಆಡುವವನು ಆತನೇ, ಏಕೆಂದರೆ ಗೊತ್ತಿಲ್ಲದ್ದನ್ನು ಕೇಳುತ್ತಿದ್ದ. ವಾರದ ನಡುವೆ ಫೋನಿಗೆ ಪ್ರಶ್ನೆ ಬರುತ್ತಿತ್ತು. "ನನ್ ಪ್ರಾಣೀನೂ ಎದುರಿನವಂದೂ ಒಟ್ಟಿಗೇ ಸತ್ರೆ, ಸಾಯೋವಾಗ ಮಾಡೋ ಕೆಲ್ಸ ಯಾರದ್ದು ಮೊದ್ಲು ಮೇಡಂ?" ಸರದಿ ಯಾರದೋ ಅವರದನ್ನು ಮೊದಲು ಇಡಬೇಕು, ಇನ್ನೊಬ್ಬರದನ್ನು ಅದರ ಮೇಲೆ ಇಡಬೇಕು, ತೆಗೆಯುವಾಗ ಮೇಲಿನದು ಮೊದಲು ಎಂದು ಬರೆದೆ. ಆತ ಉತ್ತರ ಹಾಕಿದ: "ಹಂಗಾದ್ರೆ ಎಂಜಿನ್ ಬಿಚ್ಚಿದಂಗೆ. ಕೊನೇಗೆ ಹಾಕಿದ್ ಬೋಲ್ಟ್ ಮೊದ್ಲು." ಈಗಲೂ ಹೊಸಬರಿಗೆ ಹಾಗೆಯೇ ವಿವರಿಸುತ್ತೇನೆ. ಯಾರ ಮಾತು ಎಂದು ಹೇಳುವುದಿಲ್ಲ.

ಜೂನಿನ ಒಂದು ಭಾನುವಾರ, ಮೂಡಿಗೆರೆ ಕಡೆಯ ಎಸ್ಟೇಟಿನ ಮಾಲೀಕರ ಮಗ ಎಲ್ಲರಿಗೂ ಕೇಳುವಂತೆ ಅಂದ: "ಜಡ್ಜ್ ಮೇಡಂ ಫೋನಲ್ಲಿ ಆಲ್ದೂರಿನವ್ರಿಗೆ ಮಾತ್ರ ಸಿಗ್ತಾರಂತೆ ಮಾರಾಯ. ಅದೂ ಗ್ಯಾರೇಜಿಗೆ."

ಎಲ್ಲರೂ ನಕ್ಕರು. ಮೆಕ್ಯಾನಿಕ್ ಮುಸ್ಲಿಮರ ಮನೆಯವನು, ನಾನು ಅಲ್ಲ. ನಮ್ಮ ಕಡೆ ಅಂಥ ಇಬ್ಬರ ಹೆಸರನ್ನು ಜೊತೆಗೂಡಿಸಿದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ, ಬಸ್ಸು ಹತ್ತಿ ಮನೆಗೆ ಹೋಗುತ್ತದೆ. ಅಂದಿನಿಂದ ಆತನ ಮೆಸೇಜುಗಳನ್ನು ತೆರೆಯುವುದನ್ನೇ ಬಿಟ್ಟೆ. ಯಾಕೆಂದು ಹೇಳಲಿಲ್ಲ. ಆತನೂ ಕೇಳಲಿಲ್ಲ, ಅಪರೂಪಕ್ಕೊಮ್ಮೆ ಪ್ರಶ್ನೆ ಕಳಿಸುತ್ತಿದ್ದ ಅಷ್ಟೆ.

ಆಗಸ್ಟಿನಲ್ಲಿ ದೊಡ್ಡ ಪಂದ್ಯವಿತ್ತು. ಗೆದ್ದವರಿಗೆ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಆಟಕ್ಕೆ ಹೋಗುವ ಅವಕಾಶ, ನಮ್ಮ ಜಿಲ್ಲೆಗೆ ಒಂದೇ ಸ್ಥಾನ. ಮೆಕ್ಯಾನಿಕ್ ಎರಡು ವರ್ಷದಿಂದ ಅದಕ್ಕೆ ತಯಾರಾಗುತ್ತಿದ್ದ. ಮೂರರಲ್ಲಿ ಎರಡು ಆಟ ಗೆಲ್ಲಬೇಕಾದ ಕೊನೆಯ ಸುತ್ತಿನಲ್ಲಿ ಎದುರಿಗೆ ಕೂತವನು ಎಸ್ಟೇಟಿನ ಮಗ. ಆಟಕ್ಕೆ ಮೊದಲು ಎದುರಾಳಿಯ ಕಟ್ಟನ್ನು ಕತ್ತರಿಸುವುದು, ಅಂದರೆ ನಡುವೆ ಎತ್ತಿ ಎರಡು ಪಾಲು ಮಾಡುವುದು, ಕ್ರಮ. ಮೆಕ್ಯಾನಿಕ್‌ನ ಕಟ್ಟನ್ನು ಕತ್ತರಿಸಿದ ಎಸ್ಟೇಟಿನ ಮಗ ಕೈ ಎತ್ತಿ ನನ್ನನ್ನು ಕರೆದ.

"ನಾಲ್ಕು ಸಲ ಕತ್ರಿಸ್ದೆ ಮೇಡಂ. ನಾಲ್ಕು ಸಲಾನೂ ಫಾಯಿಲ್ ಕಾರ್ಡ್ ಹತ್ರಾನೇ ಬಾಯಿ ಬಿಡ್ತು."

ಕಟ್ಟನ್ನು ಹರಡಿದೆ. ಐವತ್ತಾರು ಕಾರ್ಡು ಮಳೆಗಾಲದ ಥಂಡಿಗೆ ಮೆತ್ತಗಾಗಿದ್ದವು. ಹೊಳಪಿನ ಪದರವಿರುವ ನಾಲ್ಕು ಮಾತ್ರ ದೋಣಿಯಂತೆ ಬಾಗಿದ್ದವು. ಆತನ ಕಟ್ಟಿನಲ್ಲಿ ಎಲ್ಲಕ್ಕಿಂತ ಬಲವಾದವು ಅವೇ. ಎಲ್ಲಿವೆ ಎಂದು ಬೆರಳಿಗೇ ತಿಳಿಯುತ್ತಿತ್ತು.

ನಿಯಮ ಸ್ಪಷ್ಟವಾಗಿದೆ. ತಿಳಿಯದೆ ಆದದ್ದಾದರೆ ಆ ಒಂದು ಆಟ ಸೋತಂತೆ, ಪಂದ್ಯ ಮುಂದುವರಿಯುತ್ತದೆ. ಬೇಕೆಂದೇ ಮಾಡಿದ್ದಾದರೆ ಹೊರಕ್ಕೆ, ಕಾರ್ಡ್ ತಯಾರಿಸುವ ಕಂಪನಿಗೆ ವರದಿ, ಆಮೇಲೆ ನಿಷೇಧ. ಯಾವುದೆಂದು ತಿಳಿಯಲು ಜಡ್ಜ್ ಆಟಗಾರನನ್ನು ಬೇರೆ ಕಡೆ ಕರೆದು ಒಬ್ಬನನ್ನೇ ವಿಚಾರಿಸಬೇಕು. ಅಲ್ಲಿ ಬೇರೆ ಕಡೆಯೆಂದರೆ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಆತನ ಜೊತೆ ನಿಂತದ್ದನ್ನು ಯಾರೂ ನೋಡಬಾರದು ಎಂದು ನಾನು ಎಲ್ಲರ ಮುಂದೆ, ಮೇಜಿನ ಹತ್ತಿರವೇ ಕೇಳಿದೆ.

"ಇದು ಹೇಗಾಯ್ತು?"

"ಥಂಡಿಗೆ ಸುರುಳಿ ಸುತ್ಕೊಳ್ತಿದ್ವು ಮೇಡಂ. ವೆಲ್ಡಿಂಗ್ ರಾಡ್ ಇಡೋ ಪೆಟ್ಟಿಗೆ ಉಂಟಲ್ಲ, ರಾಡ್ ಒಣಗಿರ್ಲಿ ಅಂತ ಒಳಗೆ ಬಲ್ಬ್ ಉರಿಸಿಟ್ಟಿರ್ತೀವಿ. ಅದ್ರಲ್ಲಿಟ್ಟೆ. ಜಾಸ್ತಿ ಒಣಗ್ಬಿಟ್ವು."

"ಎಲ್ಲವನ್ನೂ ಇಟ್ಟಿರಾ?"

"ಇಲ್ಲ, ಈ ನಾಲ್ಕು. ಹಾಳಾಗೋದು ಇವೇ ಅಲ್ವಾ."

ಹಿಂದಿನಿಂದ ಯಾರೋ, "ಒಳ್ಳೇವನ್ನ ಮಾತ್ರ ಬೆಚ್ಚಗೆ ಮಲಗ್ಸಿದ್ದಾನೆ ನೋಡು" ಎಂದರು. ಮತ್ತೆ ನಗು.

"ಬಾಗಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಬೆಳಿಗ್ಗೆ ನೋಡ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

ಆತ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ. ಸುತ್ತ ನಿಂತವರನ್ನೂ ನೋಡಿದ. "ಹೇಳ್ಬೇಕಿತ್ತು," ಎಂದ.

ಆ ಬೆಳಿಗ್ಗೆ ಏಳೂವರೆಗೆ ಆತನ ಮೆಸೇಜ್ ಬಂದಿತ್ತು. ಫೋನನ್ನು ಬೋರಲು ಹಾಕಿ ತಲೆ ಬಾಚಿಕೊಂಡಿದ್ದೆ. ಅದರಲ್ಲಿ ಏನಿದೆಯೆಂದು ಮೇಜಿನ ಬಳಿ ನಿಂತಾಗ ನನಗೆ ತಿಳಿದಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಊಹಿಸಬಹುದಾಗಿತ್ತು. ಊಹಿಸಿದ್ದೆ ಕೂಡ.

ಬೇಕೆಂದೇ ಮಾಡಿದ್ದು ಎಂದು ತೀರ್ಪು ಕೊಟ್ಟೆ. ಅಂಗಡಿಯವರು ಅದನ್ನು ಗಟ್ಟಿಯಾಗಿ ಎರಡು ಸಲ ಕೂಗಿ ಹೇಳಿದರು. ಆತ ಕಾರ್ಡುಗಳನ್ನು ಒಟ್ಟುಮಾಡಿ, "ಬರ್ತೀನಿ ಮೇಡಂ," ಎಂದು ಇಳಿದುಹೋದ. ನಾನು ಪಕ್ಷಪಾತಿಯಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು.

ಕಾಫಿ ಒಣಗಿಸುವ ಒಂದೇ ಕಣದ ಎರಡು ಮಾದರಿಗಳು, ಒಂದು ಟಾರ್ಪಾಲಿನ ಕೆಳಗಿದ್ದದ್ದು, ಇನ್ನೊಂದು ಬಿಸಿಲು ಕಂಡದ್ದು, ಬೇರೆ ಬೇರೆ ತೇವ ತೋರಿಸಿದರೆ ಲ್ಯಾಬಿನಲ್ಲಿ ನಾನು ಯಾರನ್ನೂ ಮೋಸಗಾರ ಎನ್ನುವುದಿಲ್ಲ. ಎಲ್ಲಿಟ್ಟಿದ್ದಿರಿ ಎಂದು ಕೇಳುತ್ತೇನೆ, ಉತ್ತರವನ್ನು ಬರೆದುಕೊಳ್ಳುತ್ತೇನೆ.

ಸಂಜೆ ಮನೆಗೆ ಬಂದು ಮೆಸೇಜ್ ತೆರೆದೆ. ನಾಲ್ಕು ಕಾರ್ಡುಗಳ ಫೋಟೊ ಇತ್ತು. ಕೆಳಗೆ: "ಮೇಡಂ, ಇವು ಬೆಂಡ್ ಆಗಿದಾವೆ. ಹೀಗೇ ಆಡ್ಬಹುದಾ? ಆಗಲ್ಲ ಅಂದ್ರೆ ಹೇಳಿ, ಸಾದಾದ್ದು ಉಂಟು, ಅದೇ ಹಾಕ್ತೀನಿ." ಮೇಜಿನ ಮೇಲೆ ಇದನ್ನು ತೋರಿಸಿದ್ದರೆ ಆತ ಉಳಿದುಕೊಳ್ಳುತ್ತಿದ್ದ. ಆದರೆ ಫೋನಿನಲ್ಲಿ ಅದರ ಮೇಲುಗಡೆ ತಿಂಗಳುಗಟ್ಟಲೆ ನಾವಿಬ್ಬರೂ ಬರೆದುಕೊಂಡದ್ದೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ವರದಿ ಕಳಿಸಲು ಮೂರು ದಿನವಿತ್ತು. "ಕಾರ್ಡ್ ಬಾಗಿರುವುದು ತನಗೆ ಮೊದಲೇ ತಿಳಿದಿತ್ತೆಂದು ಆಟಗಾರ ಒಪ್ಪಿಕೊಂಡಿದ್ದಾನೆ" ಎಂದು ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ಫೋಟೊ ಸೇರಿಸಲಿಲ್ಲ. ಒಂದು ವರ್ಷದ ನಿಷೇಧ ಬಂತು.

ಕೊಯ್ಲಿಗೆ ಮೊದಲು ಎಸ್ಟೇಟಿನವರೆಲ್ಲ ಜೀಪುಗಳನ್ನು ರಿಪೇರಿಗೆ ಬಿಡುತ್ತಾರೆ. ಗ್ಯಾರೇಜಿನವರ ವರ್ಷ ನಡೆಯುವುದು ಆ ಎರಡು ತಿಂಗಳ ಕೆಲಸದ ಮೇಲೆ. ಅಕ್ಟೋಬರಿನ ಒಂದು ಭಾನುವಾರ ಮಾಳಿಗೆಯಲ್ಲಿ ಕಾರ್ಡ್ ಕಲೆಸುತ್ತಾ ಎಸ್ಟೇಟಿನ ಮಗ ಹೇಳಿದ: "ನಮ್ಮ ಎರಡೂ ಜೀಪು ಈ ಸಲ ಬೇರೆ ಕಡೆ ಬಿಟ್ವಿ. ಅಕ್ಕಪಕ್ಕದ ತೋಟದವ್ರೂ ಅಷ್ಟೇ. ಆಟದ ಕಾರ್ಡಲ್ಲೇ ಮೋಸ ಮಾಡೋನು ಜೀಪಿನ ಸ್ಪೇರ್ ಪಾರ್ಟ್ ಕದೀದೆ ಬಿಡ್ತಾನಾ?"

ಆ ರಾತ್ರಿಯೇ ಕಂಪನಿಗೆ ಬರೆದೆ. ಮೆಸೇಜು, ಫೋಟೊ, ಸಮಯ ಎಲ್ಲವನ್ನೂ ಸೇರಿಸಿದೆ. ಎರಡು ವಾರದಲ್ಲಿ ಉತ್ತರ ಬಂತು: ನಿಷೇಧ ರದ್ದು, ನನಗೆ ಎಚ್ಚರಿಕೆ. ಬೆಂಗಳೂರಿನ ಆಟ ಅಷ್ಟರಲ್ಲಿ ಮುಗಿದಿತ್ತು. ಉತ್ತರವನ್ನು ಪ್ರಿಂಟ್ ತೆಗೆಸಿ ಶನಿವಾರ ಆಲ್ದೂರಿನ ಬಸ್ಸು ಹತ್ತಿದೆ.

ಗ್ಯಾರೇಜಿನಲ್ಲಿ ಒಂದು ಆಟೋ ಮಾತ್ರ ಇತ್ತು. ಆತನ ಅಣ್ಣ ಸ್ಟೂಲು ಒರೆಸಿ ಕೂರಿಸಿ ಟೀ ತರಿಸಿದರು. ಆತ ಕೈ ಒರೆಸಿಕೊಂಡು ಕಾಗದವನ್ನು ಅಂಚಿನಲ್ಲಿ ಹಿಡಿದು ಓದಿದ.

"ತಪ್ಪು ನನ್ನದು," ಎಂದೆ. "ನಿಮ್ಮದಲ್ಲ ಅಂತ ಅದರಲ್ಲಿ ಬರೆದಿದ್ದಾರೆ."

"ಓದ್ದೆ ಮೇಡಂ. ಮಾಳಿಗೇಲಿ ಹೇಳಿದ್ರಾ?"

"ಇಲ್ಲ."

"ಮೋಸ ಅಂತ ಕೂಗಿದ್ದು ಅಲ್ಲಿ ಅಲ್ವಾ? ಈ ಕಂಪ್ನಿಯವ್ರು ಯಾರೂ ನಮ್ಮತ್ರ ಜೀಪ್ ಬಿಡಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಕಾಗದವನ್ನು ಮಡಚಿ ನನಗೇ ಹಿಂದಕ್ಕೆ ಕೊಟ್ಟ. "ಇದು ನಿಮ್ಮತ್ರಾನೇ ಇರ್ಲಿ. ಅಲ್ಲಿ ಓದೋಕೆ ಬೇಕಾಗ್ತದೆ."

"ಟೀ ತಣ್ಣಗಾಗ್ತದೆ, ಕುಡೀರಿ," ಎಂದರು ಅಣ್ಣ.

ಮರುದಿನ ಎರಡನೆಯ ಸುತ್ತು ಮುಗಿದಾಗ ನಾನು ಎದ್ದು ನಿಂತೆ. ಕಾಗದ ಕೈಯಲ್ಲಿತ್ತು. ಎಸ್ಟೇಟಿನ ಮಗ ತಲೆ ಎತ್ತಿ ನೋಡಿದ. ಅಂಗಡಿಯವರು, "ಏನು ಮೇಡಂ?" ಎಂದರು.

"ಟೈಮ್ ಆಯ್ತು, ಮೂರನೇ ಸುತ್ತು ಶುರು ಮಾಡಿ," ಎಂದೆ.

ಅದಾಗಿ ಮೂರು ಭಾನುವಾರ ಕಳೆದಿವೆ, ಕಾಗದ ಇನ್ನೂ ನನ್ನ ಚೀಲದಲ್ಲೇ ಇದೆ. ಮೂರೂ ಸಲ ಜಡ್ಜ್ ನಾನೇ.